ತಾತನ ಸೈಕಲ್ಲು, ಪೂಜೆಯ ಕುಂಬಳಕಾಯಿ

ಆಯುಧಪೂಜೆಯ ಮಧ್ಯಾಹ್ನ ಜಯದೇವಪ್ಪನವರ ಕೊಬ್ಬರಿ ಮಂಡಿಯ ಎದುರು ಸೈಕಲ್ಲೊಂದು ಧಡಾರನೆ ಬಿದ್ದಾಗ, ಅವರ ಮಗಳು ಸಿಂಧುವಿನ ಬಾಯ್ತುಂಬ ಕಡ್ಲೆಪುರಿ ಇತ್ತು.

ಜಗಲಿಯಿಂದಿಳಿದು ಓಡಿದಳು. ಬಿದ್ದವನ ಮೊಣಕೈ ತರಚಿತ್ತು, ಬಿಳಿ ಶರ್ಟಿಗೆ ಕುಂಕುಮ ಹಚ್ಚಿದ ಕುಂಬಳಕಾಯಿಯ ತಿರುಳು ಮೆತ್ತಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. ಹಳೆಯ ಕರಿ ಸೈಕಲ್ಲಿನ ಪಕ್ಕ ಕೂತು, "ನಮ್ಮ ತಾತಂದು ಕಣ್ರೀ, ಇಂಗ್ಲೆಂಡಿನ ಗಾಡಿ" ಎಂದ. ಮುಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಗಿತ್ತು. ಫೋರ್ಕ್ ಮುರಿದಿತ್ತು.

"ಯಾವನ್ಲಾ ನಡುರಸ್ತೇಲಿ ಕುಂಬಳಕಾಯಿ ಒಡ್ದಿರೋದು?" ಎಂದು ಸೇರಿದ ಜನ ಕೂಗಾಡಿದರು. ಕಾಳಯ್ಯನ ಟೆಂಪೋ ಹಾರ ಹಾಕಿಸಿಕೊಂಡು ಪಕ್ಕದಲ್ಲೇ ನಿಂತಿತ್ತು. ಇನ್ನು ಕೇಳಬೇಕೆ? ಎಲ್ಲರೂ ಕಾಳಯ್ಯನ ಮೇಲೆ ಬಿದ್ದರು. ಕಾಳಯ್ಯ ಬಾಯಿ ತೆರೆದ, ಸಿಂಧುವಿನ ಕಡೆ ಒಮ್ಮೆ ನೋಡಿದ, ಬಾಯಿ ಮುಚ್ಚಿಕೊಂಡ.

ಒಡೆದವಳು ಅವಳೇ. ಪ್ರತಿವರ್ಷ ಅಪ್ಪಾಜಿಯೇ ಒಡೆಯುತ್ತಿದ್ದರು. ಈ ಸಲ ಹಟ ಹಿಡಿದು ಅವಳು ಇಸಿದುಕೊಂಡಿದ್ದಳು. "ಚೂರೆಲ್ಲಾ ಬದಿಗೆ ಸರಿಸಮ್ಮ" ಎಂದು ಹೇಳಿ ಅವರು ಮಠಕ್ಕೆ ಹೋಗಿದ್ದರು. ಒಂದೇ ಏಟಿಗೆ ಒಡೆದ ಜಂಬದಲ್ಲಿ ಸರಿಸುವುದೇ ಮರೆತುಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಸಿಂಧು ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟೇ. ಒಳಗೆ ಹೋಗಿ ಅರಿಶಿನ ತಂದು, "ಕೈ ಕೊಡಿ, ರಕ್ತ ಬರ್ತಿದೆ" ಎಂದಳು.

ಅವನು ಗಂಡಸಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಇಂದುಧರ. ಬಸ್ತಿಹಳ್ಳಿ, ಹಳೇಬೀಡು ಎಲ್ಲ ಆ ಸೈಕಲ್ಲಿನಲ್ಲೇ ಸುತ್ತಿದವನು.

ಸೈಕಲ್ ಶಾಪಿನ ತಮ್ಮಯ್ಯ ನೋಡಿದ, ಲೊಚಗುಟ್ಟಿದ. "ಇವತ್ತು ಸ್ಪ್ಯಾನರೆಲ್ಲ ಪೂಜೆಗೆ ಕೂತವೆ ಮೇಷ್ಟ್ರೇ. ನಾಳೆ ಪೂಜೆ ಮಾಡಿ ಎತ್ತೋಗಂಟ ಮುಟ್ಟಂಗಿಲ್ಲ. ಫೋರ್ಕಂತೂ ಈಗ ಎಲ್ಲೂ ಸಿಗಾಕಿಲ್ಲ."

"ನಮ್ಮಾವನ ಅಟ್ಟದಾಗೆ ಇಂಥದೇ ಒಂದು ಐತೆ, ಬೇಲೂರಲ್ಲಿ" ಎಂದವನು ಕಾಳಯ್ಯ! ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದ. ಮರುದಿನ ತಾನೇ ಹೋಗಿ ಆ ಗುಜರಿ ಸೈಕಲ್ಲನ್ನು ಹೊತ್ತು ತಂದ. ಸಿಂಧು ನಾಚಿಕೆಯಿಂದ ಅವನ ಮುಖ ನೋಡದೆ ಒಳಗೆ ಹೋದಳು.

ದಸರಾ ರಜೆ. ಇಂದುಧರ ದಿನವೂ ಬಸ್ಸು ಹಿಡಿದು ಬರುತ್ತಿದ್ದ. ತಮ್ಮಯ್ಯ ಚಕ್ರ ತಿದ್ದಿದ. ದಾರಿಹೋಕರು ನಿಂತು ತುಕ್ಕು ಉಜ್ಜಿಕೊಟ್ಟರು, ರೈಲ್ವೆಯವರೊಬ್ಬರು ಕರಿ ಪೇಂಟ್ ತಂದರು. ಸಿಂಧು ಹಿತ್ತಾಳೆ ಬೆಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಅದು ಹೊಳೆದ ಮೇಲೂ ತಿಕ್ಕಿದಳು.

"ಸಾಕು ಬಿಡ್ರೀ, ಸವೆದುಹೋಗುತ್ತೆ" ಎಂದು ನಕ್ಕ. ನಗುವಾಗ ಅವನ ಎಡಗಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಅದನ್ನು ನೋಡಲೆಂದೇ ಅವಳು ಏನಾದರೂ ಕೀಟಲೆ ಮಾಡುತ್ತಿದ್ದಳು.

"ಡ್ರಾಯಿಂಗ್ ಮೇಷ್ಟ್ರಿಗೆ ಪೇಂಟ್ ಹಚ್ಚೋಕೂ ಬರಲ್ವಾ? ಮೂಗಿಗೆಲ್ಲಾ ಆಗಿದೆ."

"ಒರೆಸಿಕೊಳ್ಳೋಕೆ ಕನ್ನಡಿ ಇಲ್ಲ. ನೀವೇ ತೋರಿಸಿ, ಎಲ್ಲಿ?"

ಅವಳ ಬೆರಳು ಅರ್ಧ ದಾರಿಯಲ್ಲೇ ನಿಂತಿತು.

"ಯಾರೋ ಏನೋ, ಗುರುತಿಲ್ಲದವನಿಗೆ ಇಷ್ಟೊಂದು ಮಾಡ್ತಿದೀರ. ನಿಮ್ಮಷ್ಟು ಒಳ್ಳೆಯವರನ್ನ ನಾನು ನೋಡೇ ಇಲ್ಲ" ಎಂದ ಅವನು, ಸಣ್ಣ ದನಿಯಲ್ಲಿ. ಬೇರೆಯವರಾಗಿದ್ದರೆ ಆ ಮಾತಿಗೆ ಅರಳುತ್ತಿದ್ದರು. ಸಿಂಧು ಕುಗ್ಗಿಹೋದಳು. ಹೇಳಿಬಿಟ್ಟರೆ ಆ ನೋಟ ಇನ್ನೆಂದೂ ಸಿಗದು. ಹೇಳದಿದ್ದರೆ, ಆ ನೋಟ ತನ್ನದಲ್ಲ.

ಸೈಕಲ್ ತಯಾರಾದ ದಿನ ಶಾಪಿನ ಮುಂದೆ ಎಲ್ಲರಿಗೂ ಟೀ ಬಂತು. "ಏನ್ಲಾ ಕಾಳ, ಮುಂದಿನ ವರ್ಷ ಕುಂಬಳಕಾಯಿ ನಿನ್ ಮನೆ ಒಳಗೇ ಒಡ್ಕೋ" ಎಂದ ತಮ್ಮಯ್ಯ. ಎಲ್ಲರೂ ನಕ್ಕರು. ಕಾಳಯ್ಯ ತಲೆ ತಗ್ಗಿಸಿ ಲೋಟ ಊದಿದ.

ಆ ತಗ್ಗಿದ ತಲೆ ನೋಡಿ ಸಿಂಧುವಿಗೆ ತಡೆಯಲಾಗಲಿಲ್ಲ.

"ಒಡೆದಿದ್ದು ನಾನು" ಎಂದಳು. "ಕಾಳಯ್ಯಣ್ಣ ಅಲ್ಲ. ನಾನೇ ಒಡೆದು, ಚೂರು ಸರಿಸದೆ ಹಾಗೇ ಬಿಟ್ಟೆ. ಎಲ್ಲರೂ ಅಣ್ಣನ್ನ ಬೈಯುವಾಗ ಸುಮ್ಮನೆ ನಿಂತಿದ್ದೆ."

ಕಾಳಯ್ಯ ಮೆಲ್ಲಗೆ, "ಗೊತ್ತಿತ್ತು ಕಣವ್ವ, ನೋಡಿದ್ದೆ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಅವನ ಕಾಲು ಮುಟ್ಟಲು ಬಗ್ಗಿದಳು, ಅವನು ಹೌಹಾರಿ ಹಿಂದೆ ಸರಿದ.

ಇಂದುಧರನ ಮುಖ ಅವಳಿಗಿಂತ ಕೆಂಪಾಗಿತ್ತು. ಲೋಟ ಕೆಳಗಿಟ್ಟ.

"ತಪ್ಪು ನಂದೂ ಇದೆ, ಕಾಳಯ್ಯನವರೇ. ಲಾರಿ ಹೋಗುವಷ್ಟು ರಸ್ತೆ ಖಾಲಿ ಇತ್ತು. ನಾನು ರಸ್ತೆ ನೋಡ್ತಿರಲಿಲ್ಲ." ಸಿಂಧುವಿನ ಕಡೆ ಕೈ ತೋರಿಸಿದ. "ಮಂಡಿ ಜಗಲಿ ಮೇಲೆ ಇವರು ಕಡ್ಲೆಪುರಿ ತಿಂತಾ ನಿಂತಿದ್ರು. ನಿಮ್ಮನ್ನ ಬೈಯುವಾಗ ಇದನ್ನ ಹೇಳೋಕೆ ನನಗೂ ಬಾಯಿ ಬರಲಿಲ್ಲ."

"ಶಿವನೇ!" ಎಂದು ಕಾಳಯ್ಯ ಹಣೆ ಬಡಿದುಕೊಂಡ. "ನೋಡಿದೋರು ನೀವು, ಒಡೆದೋಳು ಅವಳು, ಬೈಸ್ಕೊಂಡೋನು ಮಾತ್ರ ನಾನು!"

ಜನ ಚದುರಿದ ಮೇಲೂ ಸಿಂಧು ತಲೆ ಎತ್ತಲಿಲ್ಲ. "ಒಳ್ಳೆಯವಳು ಅಂದಿದ್ರಿ. ವಾಪಸ್ ತಗೊಂಡ್ಬಿಡಿ" ಎಂದಳು.

"ಅವತ್ತು ಏನೂ ಗೊತ್ತಿಲ್ಲದೆ ಅಂದಿದ್ದೆ. ಇವತ್ತು ಎಲ್ಲಾ ಗೊತ್ತಾದ ಮೇಲೂ ಅಂತೀನಿ" ಎಂದ ಇಂದುಧರ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ನಾಚಿಕೆ ಇನ್ನೂ ಪೂರ್ತಿ ಆರಿರಲಿಲ್ಲ. ಆದರೂ ಮೊದಲ ಸಲ, ಬಚ್ಚಿಡಲು ಏನೂ ಇಲ್ಲದೆ, ಅವನನ್ನು ನೇರವಾಗಿ ನೋಡಿದಳು, ಸಾಕೆನ್ನುವಷ್ಟು ಹೊತ್ತು.