ಕಾವು ತಪ್ಪಿದ ಟ್ರೇಗಳು

ಏಪ್ರಿಲ್ ಹನ್ನೆರಡರ ಬೆಳಿಗ್ಗೆ ಹುಣಸೂರು ಠಾಣೆಗೆ ದೂರು ಬಂತು. ತಂಬಾಕು ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ತಯಾರಿಸುವ ಲಿಂಗರಾಜುವಿನ ಮಾಲು, ರೈತರು ಎತ್ತುತ್ತಲೇ ಹಪ್ಪಳದಂತೆ ಮುರಿಯುತ್ತಿತ್ತು. ಹೊಸ ಮೇಲ್ವಿಚಾರಕಿ ಚೈತ್ರ ಒಳ್ಳೆಯ ಪ್ಲಾಸ್ಟಿಕ್ ಕಾಳು ಮಾರಿಕೊಂಡು ಯಂತ್ರಕ್ಕೆ ಗುಜರಿ ತುಂಬಿದ್ದಾಳೆಂದು ಆತನ ಆರೋಪ. ಎಫ್‌ಐಆರ್ ಆಯಿತು.

ಪಿಎಸ್‌ಐ ಪವಿತ್ರಾ ಕಾರ್ಖಾನೆಗೆ ಹೋದಳು. ಗೋದಾಮಿನಲ್ಲಿ ಕಾಳಿನ ಒಂದು ಮೂಟೆಯೂ ಕಮ್ಮಿಯಿರಲಿಲ್ಲ. ಮುರಿದ ಟ್ರೇಯನ್ನು ಉಗುರಿನಿಂದ ಕೆರೆದರೆ ಪದರ ಪದರವಾಗಿ ಬಿಟ್ಟುಕೊಂಡಿತು.

"ಎರಡು ಜಾತಿ ಪ್ಲಾಸ್ಟಿಕ್ ಮೇಡಂ, ತಾವಾಗೇ ಸೇರಕಿಲ್ಲ," ಎಂದಳು ಚೈತ್ರ. ಅತ್ತು ಅತ್ತು ಕಣ್ಣು ಊದಿತ್ತು. "ಕಾವು ಕೊಟ್ಟು ಚೆನ್ನಾಗಿ ಅರೀಬೇಕು. ಮುದ್ದೆ ಥರಾನೇ. ಹಿಟ್ಟು ಅದೇ ಆದ್ರೂ ಕಾವು ಕಮ್ಮಿಯಾದ್ರೆ ಗಂಟು."

ಯಂತ್ರದ ಪೆಟ್ಟಿಗೆ ತೆರೆಸಿದರು. ಕಾವು ಅಳೆಯುವ ತಂತಿಯನ್ನು ಯಾರೋ ಕಿತ್ತು ಹೀಟರ್ ಪಟ್ಟಿಗೇ ತಾಗಿಸಿದ್ದರು. ಮೀಟರ್ ಬಿಸಿ ತೋರಿಸುತ್ತಿತ್ತು, ಒಳಗೆ ಪ್ಲಾಸ್ಟಿಕ್ ಅರೆಬೆಂದಿತ್ತು. ತಂತಿ ಸರಿಪಡಿಸಿ ಅದೇ ಮೂಟೆಯ ಕಾಳು ಹಾಕಿಸಿದರೆ, ಟ್ರೇ ಮಡಚಿದರೂ ಮುರಿಯಲಿಲ್ಲ. ಪಂಚನಾಮೆ ಬರೆದರು.

ಕಳ್ಳತನದ ಮಾತು ಸುಳ್ಳಾಯಿತು. ಆದರೆ ಪೆಟ್ಟಿಗೆಯ ಕೀಲಿ ಇದ್ದದ್ದು ಇಬ್ಬರ ಬಳಿ: ಚೈತ್ರ, ಮತ್ತು ಅವಳಿಗೆ ಕೆಲಸ ಕಲಿಸಿದ ಧರ್ಮೇಂದ್ರ. ಲಿಂಗರಾಜು ಇನ್ನೂ ಚೈತ್ರಳತ್ತಲೇ ಬೆರಳು ತೋರಿಸುತ್ತಿದ್ದ.

ಮುರಿದ ಟ್ರೇ ಜಪ್ತಿಗೆಂದು ಪವಿತ್ರಾ ಪಿರಿಯಾಪಟ್ಟಣದ ಕಡೆ ಹೋದಾಗ, ಧರ್ಮೇಂದ್ರನ ತಂಗಿ ಸುನಂದಮ್ಮನ ಅಂಗಳದಲ್ಲಿ ಮಾತ್ರ ಹಳೆಯ, ಗಟ್ಟಿ ಟ್ರೇಗಳಿದ್ದವು.

"ಹೊಸ ಮಾಲು ತಗೊಳ್ಳಲಿಲ್ವಾ?"

"ತಂದಿದ್ದೆ ಕಣವ್ವ. ನಮ್ಮಣ್ಣ 'ಇವು ಬ್ಯಾಡ ಬುಡು, ಸಸಿ ಆಳಾಯ್ತವೆ' ಅಂತ ಬದಲಾಯಿಸಿಕೊಟ್ಟ."

"ಯಾವತ್ತು?"

"ಹೊಸತೊಡಕಿನ ದಿನ. ಬಾಡೂಟಕ್ಕೆ ಬಂದಿದ್ನಲ್ಲ."

ಯುಗಾದಿಯ ಮಾರನೇ ದಿನ. ಆವತ್ತಿಗೆ ಎಲ್ಲಿಯೂ ಒಂದು ಟ್ರೇ ಮುರಿದಿರಲಿಲ್ಲ.

ಸಂಜೆ ಠಾಣೆಯಲ್ಲಿ ಪವಿತ್ರಾ ಧರ್ಮೇಂದ್ರನಿಗೆ ಒಂದೇ ಪ್ರಶ್ನೆ ಕೇಳಿದಳು. "ಮುರಿಯುತ್ತೆ ಅಂತ ಮೊದಲೇ ಹೇಗೆ ಗೊತ್ತಾಯ್ತು?"

ಧರ್ಮೇಂದ್ರ ಪೆಟ್ಟಿಗೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಇಷ್ಟು ವರ್ಸದಲ್ಲಿ ಯಜಮಾನ್ರು ನಂಗೆ ಒಂದಿನ ಭೇಷ್ ಅನ್ನಲಿಲ್ಲ ಮೇಡಂ. ಅವಳನ್ನ ಎಲ್ಲರ ಮುಂದೆ ಹೊಗಳಿ ನನ್ನ ಮೇಲೆ ಕೂರಿಸುದ್ರು. ಉಂಡ ಅನ್ನ ಮೈಗೆ ಹತ್ತಲಿಲ್ಲ."

ಪವಿತ್ರಾಗೆ ಆ ಹೊಟ್ಟೆಕಿಚ್ಚು ಗೊತ್ತಿತ್ತು. ತನಗಿಂತ ಕಿರಿಯಳೊಬ್ಬಳು ಹೋದ ತಿಂಗಳು ಇನ್‌ಸ್ಪೆಕ್ಟರ್ ಆದಾಗ ಅವಳಿಗೂ ಹಾಗೇ ಉರಿದಿತ್ತು. ಬಂಧನದ ಕಾಗದವನ್ನು ಅವನ ಮುಂದಿಟ್ಟಳು.

ಸಹಿ ಹಾಕಿ ಧರ್ಮೇಂದ್ರ ಕೇಳಿದ, "ಈಗ ಟ್ರೇ ಹೆಂಗ್ ಬತ್ತಾವೆ?"

"ಚೈತ್ರ ಮಾಡ್ತಿದ್ದಾಳೆ. ಒಂದೂ ಮುರಿದಿಲ್ಲ."

"ಯಾರು ಕಲಿಸ್ದೋರು ಅಂತ ಕೇಳುದ್ರಾ?"

"ಕೇಳಿದೆ. ನಿಮ್ಮ ಹೆಸರೇ ಹೇಳಿದಳು. ನಿಮ್ಮ ಮೇಲೆ ಅನುಮಾನ ಬೇಡ ಅಂತಾನೂ ಹೇಳಿದಳು."

ಧರ್ಮೇಂದ್ರ ಮೇಜಿನ ಮೇಲೆ ತಲೆಯಿಟ್ಟು ಅತ್ತ.