ಮುನ್ನೂರು ವರ್ಷದ ಅಳತೆ

"ಏಯ್, ಕೈ ತೆಗೀರಿ! ಅದು ಮುನ್ನೂರು ವರ್ಷದ ಬಾಗಿಲು!"

ಉಳಿ ಹಿಡಿದಿದ್ದ ಕೈ ನಿಂತಿತು. ಬಡಗಿ ತಿರುಗಿ ನೋಡಿದ. ಅಬ್ಬಾ, ಆ ಕಣ್ಣುಗಳು! ಒಂದು ಕ್ಷಣ, ಕೂಗಿದ ಅವಳಿಗೆ ಮುಂದಿನ ಮಾತೇ ಮರೆತುಹೋಯಿತು.

"ಇದನ್ನ ಹೋದ ವರ್ಷ ನಾನೇ ಮಾಡಿದ್ದು ಮೇಡಂ," ಎಂದ ಅವನು ಮೆಲ್ಲಗೆ.

ಹಿಂದಿದ್ದ ಮೂವತ್ತು ಜನ ಪ್ರವಾಸಿಗರು ಗೊಳ್ಳೆಂದು ನಕ್ಕರು. ಹಿರಿಯರ ಕಟ್ಟಳೆಗಳನ್ನು ಬಿಡದೆ ಉಳಿಸಿಕೊಂಡ ಆ ಪಾರಂಪರಿಕ ಹಳ್ಳಿಯಲ್ಲಿ ಗೈಡ್ ಆಗಿ ಅವಳಿಗದು ಮೊದಲ ದಿನ. ಮಾನ ಉಳಿಸಿಕೊಳ್ಳಬೇಕಲ್ಲ... ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಅವರ ಮಾತು ಬಿಡಿ. ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದಾರೆ!"

ಈಗ ನಗು ಅವನ ಕಡೆ ತಿರುಗಿತು. ಅವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ವಾರ ಕಳೆದ ಮೇಲೆ ಅಳುಕುತ್ತಲೇ ಅವನ ಹಿತ್ತಿಲ ಶೆಡ್ಡಿಗೆ ಹೋದಳು. ಹೋಗಿದ್ದು ಕ್ಷಮೆ ಕೇಳಲು, ಕೇಳಿದ್ದು ಬೇರೆ.

"ನನಗೆ ಈ ಊರಿನ ಬಗ್ಗೆ ಏನೂ ಗೊತ್ತಿಲ್ಲ. ಹೇಳ್ಕೊಡ್ತೀರಾ?"

ಅವನು ಸ್ಟೂಲು ಸರಿಸಿದ. "ಕೂತ್ಕೊಳ್ಳಿ. ಇಲ್ಲಿ ಬಾಗಿಲು ಹಾಳಾದ್ರೆ ಅದೇ ಅಳತೇಲಿ ಹೊಸದು ಮಾಡ್ತೀವಿ. ಮುನ್ನೂರು ವರ್ಷ ಆಗಿರೋದು ಅಳತೆಗೆ ಮೇಡಂ, ಮರಕ್ಕಲ್ಲ."

ಅಂದಿನಿಂದ ದಿನಾ ಸಂಜೆ ಪಾಠ. ಎರಡು ತಿಂಗಳಲ್ಲಿ ಊರಿನ ಬಾಗಿಲು, ಕಿಟಕಿಗಳೆಲ್ಲ ಅವಳಿಗೆ ಬಾಯಿಪಾಠವಾದವು. ಅವನ ನಗುವೂ! ಅವನು ಮಾತ್ರ ಯಾವಾಗ ನೋಡಿದರೂ ಸ್ಟೂಲುಗಳನ್ನೇ ಮಾಡುತ್ತಿದ್ದ. ಯಾಕೆಂದು ಕೇಳಲು ಅವಳಿಗೆ ಹೊಳೆಯಲೇ ಇಲ್ಲ, ಪೆದ್ದಿ!

ಒಂದು ಸಂಜೆ ಅವನಿರಲಿಲ್ಲ. ಅವನ ತಾಯಿ ನೀರು ತಂದುಕೊಟ್ಟರು.

"ಊರ ಹಿರಿಯರು ನನ್ನ ಮಗನ ಕೈಯಿಂದ ಬಾಗಿಲಿನ ಅಳತೆಕೋಲು ಕಿತ್ಕೊಂಡ್ರಲ್ಲಮ್ಮಾ... ಕುಡಿಯೋರು ಅದನ್ನ ಮುಟ್ಟಬಾರ್ದು, ಬಾಗಿಲು ಮಾಡಬಾರ್ದು ಅಂತ ನಮ್ಮೂರ ಕಟ್ಟಳೆ. ಪ್ರವಾಸಿಗರ ಗುಂಪಲ್ಲಿ ಯಾವಳೋ ಒಬ್ಬಳು ಜನರ ಮುಂದೆ ಇವನು ಕುಡಿದಿದ್ದಾನೆ ಅಂದ್ಲಂತೆ, ಅದು ಹಿರಿಯರ ಕಿವಿಗೆ ಬಿತ್ತು. ಇವನಪ್ಪ ಕುಡಿದೂ ಕುಡಿದೂ ಹೋದ್ರು. ಅದಕ್ಕೇ ಇವನಿಗೆ ಅದರ ವಾಸನೆನೂ ಆಗಲ್ಲ. ಹೇಳಿದ್ರೆ ಯಾರು ನಂಬ್ತಾರೆ? ಅಪ್ಪನ ಮಗ ತಾನೇ ಅಂದುಬಿಟ್ರು."

"ಅವಳು... ಯಾರು ಅಂತ ಅವರು ಹೇಳಿದ್ರಾ?"

"ಕೇಳಿದ್ರೆ ಬಾಯೇ ಬಿಡಲ್ಲ ಕಣಮ್ಮ."

ಎಲ್ಲ ಗೊತ್ತಿದ್ದೂ ದಿನಾ ನನಗೆ ಸ್ಟೂಲು ಸರಿಸಿದನೇ? 'ಅವಳು ನಾನೇ ಅಮ್ಮಾ' ಎನ್ನಲು ನಾಲಿಗೆ ಏಳಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲೋಟ ಇಟ್ಟು ಎದ್ದು ಬಂದಳು. ಹೇಳದೆ ಬಂದೆನಲ್ಲ ಎಂಬ ನಾಚಿಕೆ ಇನ್ನೊಂದು!

ಮರುದಿನ ಆ ಬಾಗಿಲ ಮುಂದೆ ಪ್ರವಾಸಿಗರ ಜೊತೆ ಊರ ಹಿರಿಯರನ್ನೂ ಅವನ ತಾಯಿಯನ್ನೂ ಕರೆಸಿದಳು.

"ಈ ಬಾಗಿಲು ಮಾಡಿದವರು ಅವತ್ತು ಕುಡಿದಿರಲಿಲ್ಲ. ನನಗೆ ಗೊತ್ತಿಲ್ಲ ಅನ್ನೋದನ್ನ ಮುಚ್ಚಿಡೋಕೆ ನಾನೇ ಸುಳ್ಳು ಹೇಳ್ದೆ. ಅವಳು ನಾನೇ ಅಮ್ಮಾ..."

ಯಾರೂ ನಗಲಿಲ್ಲ. ಅವನ ತಾಯಿ ಮುಖ ತಿರುಗಿಸಿಕೊಂಡರು. ಪ್ರವಾಸಿ ಕೇಂದ್ರದ ಮ್ಯಾನೇಜರ್ ಅವಳ ಗೈಡ್ ಗುರುತಿನ ಚೀಟಿ ವಾಪಸ್ ಪಡೆದರು. ಹಿರಿಯರು ಅಳತೆಕೋಲು ಹಿಡಿದು ತಾವೇ ಶೆಡ್ಡಿನ ಕಡೆ ನಡೆದರು.

ಅವಳು ಬಸ್ ನಿಲ್ದಾಣದಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಅವನು ಏದುಸಿರು ಬಿಡುತ್ತಾ ಬಂದ.

"ಯಾಕೆ ನನ್ನ ಹೆಸರು ಹೇಳ್ಲಿಲ್ಲ?" ಅವಳ ಕಣ್ಣು ತುಂಬಿತ್ತು.

"ಮೊದಲು ಕೋಪ ಇತ್ತು. ನೀವೇ ಒಪ್ಕೊಳ್ತೀರಿ ಅಂತ ಕಾದೆ. ಆಮೇಲೆ... ಒಪ್ಕೊಂಡ್ರೆ ನಾಚಿಕೆಗೆ ಬರೋದೇ ನಿಲ್ಲಿಸ್ತೀರೇನೋ ಅಂತ ಭಯ ಆಯ್ತು."

"ನನ್ನಂಥವಳನ್ನ..."

"ಹ್ಞೂಂ. ನಿಮ್ಮಂಥವರನ್ನೇ. ಅಮ್ಮ ಸಿಟ್ಟಾಗಿದ್ದಾರೆ. ಇಬ್ರೂ ಹೋಗಿ ಬೈಸ್ಕೊಳ್ಳೋಣ, ಬನ್ನಿ."

"ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ. ತಲೆ ಎತ್ತೋಕೆ ಆಗ್ತಿಲ್ಲ..."

ಅವನು ಅವಳ ಮುಂದೆ ಮಂಡಿಯೂರಿ ಕೂತ.

"ಎತ್ತಬೇಡಿ. ನಾನೇ ಬಗ್ಗಿದೀನಲ್ಲ... ಈಗ ನೋಡಿ."