ಬ್ರೇಕ್ ಹಿಡಿದ ಕೈ

“ನೀವಾ?!”

ಅವಳ ಕೈಯಲ್ಲಿದ್ದ ಎಣ್ಣೆಬಟ್ಟೆ ಜಾರಿ ಬಿತ್ತು.

ಮೆರಿಗೋರೌಂಡ್ ಬಿಚ್ಚಲು ಯಾರೋ ಬರುತ್ತಾರೆಂದು ಗೊತ್ತಿತ್ತು. ಆದರೆ ಇವನಾ? ಹಿಂದೊಮ್ಮೆ ಇದೇ ಮೋಟಾರ್ ರಿಪೇರಿಗೆ ಬಂದು, ಅವಳ ನಿದ್ದೆ ಕೆಡಿಸಿ, ಹೇಳದೆ ಕೇಳದೆ ಹೊರಟುಹೋದ ಮೆಕ್ಯಾನಿಕ್!

“ಪಾರ್ಕಿನ ಹೊಸ ಮಾಲೀಕರು ಕಳಿಸಿದ್ದಾರೆ. ಸಂಜೆಯೊಳಗೆ ಬಿಚ್ಚಬೇಕಂತೆ.”

“ಬಿಚ್ಚಿ. ಬಿಟ್ಟು ಹೋಗೋದು ನಿಮಗೇನು ಹೊಸದಾ?”

ಅವನ ಮುಖ ಸಪ್ಪಗಾಯಿತು.

ಪಾಪ, ಅವಳಾದರೂ ಏನು ಮಾಡಬೇಕು? ಮಾಲೀಕರನ್ನು ಬೇಡಿದ್ದಾಯಿತು, ಅವರೆದುರು ಅತ್ತದ್ದೂ ಆಯಿತು. ಹಳೇ ಮರ, ತುಕ್ಕು ಕಬ್ಬಿಣ ಅಂದುಬಿಟ್ಟರು. ಆ ಹಳೇ ಮರವನ್ನು ಅವಳ ಅಜ್ಜ ಒಡೆದ ದೋಣಿಗಳಿಂದ ಆಯ್ದು ತಂದು ಕುದುರೆ ಕೆತ್ತಿದ್ದರು. ಮೋಟಾರ್ ಇಲ್ಲದ ಕಾಲದಲ್ಲಿ ತಾವೇ ತಳ್ಳಿ ತಿರುಗಿಸಿದ್ದರು. ಒಮ್ಮೆ ಯಾರೋ ಕರೆದರೆಂದು ಬ್ರೇಕ್ ಬಿಟ್ಟು ಹೋದಾಗ ಮಗುವೊಂದು ಬಿದ್ದು ಕಾಲು ಮುರಿದುಕೊಂಡಿತು. ಅಂದಿನಿಂದ ಆ ಮನೆಗೆ ಒಂದೇ ನೇಮ... ಕುದುರೆಗಳು ತಿರುಗುವಷ್ಟು ಹೊತ್ತು, ಆಕಾಶ ಕಳಚಿ ಬಿದ್ದರೂ ಬ್ರೇಕ್‌ನಿಂದ ಕೈ ತೆಗೆಯುವಂತಿಲ್ಲ.

“ಒಂದು ಮಾತು ಕೇಳ್ಲಾ?” ಅವನು ಮೆಲ್ಲಗೆ ಅಂದ. “ಅವತ್ತು ಕುದುರೆ ಹತ್ತಿ ಕೂಗಿದ್ನಲ್ಲ... ನಾನು ಇಷ್ಟ ಇದ್ರೆ ಬಂದು ಪಕ್ಕದ ಕುದುರೆ ಮೇಲೆ ಕೂತ್ಕೋ ಅಂತ. ಪ್ರತಿ ಸುತ್ತಲ್ಲೂ ನೋಡ್ದೆ. ನೀನು ಕದಲಲೇ ಇಲ್ಲ.”

“ಕುದುರೆ ತುಂಬಾ ಮಕ್ಕಳಿದ್ರು! ತಿರುಗುವಾಗ ಬ್ರೇಕ್ ಬಿಡಬಾರ್ದು ಅನ್ನೋದು ನಮ್ಮನೆ ನೇಮ, ಹೇಗೆ ಬರ್ಲಿ?” ಅವಳು ಬ್ರೇಕಿನತ್ತ ಕೈ ತೋರಿಸಿದಳು. “ಮಾತೇ ಹೊರಡ್ಲಿಲ್ಲ, ಬರೀ ಅಳು ಬಂತು. ನಿಲ್ಲಿಸಿ ಮಕ್ಕಳನ್ನ ಇಳಿಸೋ ಅಷ್ಟರಲ್ಲಿ ನೀವು ಆ ಕಡೆ ಗೇಟಿಂದ ಹೋಗಿಬಿಟ್ಟಿದ್ರಿ!”

“ಅಯ್ಯೋ!” ಅವನು ಹಣೆ ಚಚ್ಚಿಕೊಂಡ. “ಮೋಟಾರಿನ ನರನಾಡಿ ಗೊತ್ತಿತ್ತು, ಈ ನೇಮ ಮಾತ್ರ ಗೊತ್ತಿರಲಿಲ್ಲ...”

“ಈಗ ಗೊತ್ತಾಗಿ ಏನು ಬಂತು? ಸಂಜೆಗೆ ಕುದುರೇನೇ ಇರಲ್ಲ.”

“ನಾನು ಬಿಚ್ಚದಿದ್ರೆ ನಾಳೆ ಇನ್ನೊಬ್ಬ ಬರ್ತಾನೆ. ನನ್ನ ಕೈಲೂ ಏನೂ ಆಗಲ್ಲ ಕಣೇ...”

ಅವನು ಚೀಲದಿಂದ ಸ್ಪ್ಯಾನರ್ ತೆಗೆದ.

ಟಿಕೆಟ್ ಗೂಡಿನಿಂದ ಕೋಲೂರುವ ಸದ್ದು ಕೇಳಿಸಿತು. ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಅವಳ ಅಪ್ಪ! ಲಕ್ವ ಹೊಡೆದು ಅರ್ಧ ದೇಹ ಸೋತಿದ್ದರೂ ಕಾಲೆಳೆದುಕೊಂಡು ಬಂದರು. ಮಗಳನ್ನು ಪಕ್ಕಕ್ಕೆ ಸರಿಸಿ, ಕೋಲು ಬಿಸಾಕಿ, ಬ್ರೇಕ್ ಹಿಡಿದರು.

“ಅಪ್ಪಾ! ಏನಿದು?”

“ಹತ್ತು...” ನಾಲಿಗೆ ತೊದಲಿತು. “ಈ ಕೈ... ಇನ್ನೂ ಗಟ್ಟಿ ಇದೆ. ಹತ್ತು ಮಗಳೇ.”

ಅವನು ಸ್ವಿಚ್ ಒತ್ತಿ ಓಡಿ ಬಂದು ಒಂದು ಕುದುರೆ ಹತ್ತಿದ. ಅವಳು ಪಕ್ಕದ ಕುದುರೆ ಏರಿ ಕುಳಿತಳು. ಕಿರ್‌ರ್ ಎನ್ನುತ್ತಾ ಅಜ್ಜನ ಕುದುರೆಗಳು ಕೊನೆಯ ಬಾರಿಗೆ ಹೊರಟವು. ಪ್ರತಿ ಸುತ್ತಿನಲ್ಲೂ ಅಪ್ಪ ಕಾಣಿಸುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಅವರು ಕೈ ತೆಗೆಯಲಿಲ್ಲ.

ಅವಳಿಗೆ ದುಃಖ ಒತ್ತರಿಸಿ ಬಂತು. ಅದರ ಜೊತೆಗೇ, ನಾಚಿಕೆ ಬಿಟ್ಟು, ಸಂತೋಷವೂ ಬಂತು!

“ಇದು ನಿಂತ್ಮೇಲೆ...?” ಅವನು ಕೇಳಿದ.

“ನೀನು ಬಿಚ್ಚು. ನಾನು ಒಂದೊಂದೇ ಕುದುರೆ ಹಿಡ್ಕೋತೀನಿ.”

“ಆಮೇಲೆ?”

“ಆಮೇಲೆ ಆ ಕಡೆ ಗೇಟಿಂದ ಓಡಬೇಡ. ನಾನು ಬರೋವರೆಗೂ ನಿಂತಿರು.”